ತಳ್ಳುವವರಿಲ್ಲದ ಪಿಕಪ್

ಮಧುಗಿರಿಯ ಗಂಗಣ್ಣನೂ ನಾನೂ ಹೋರಾಟಕ್ಕೆ ಜನ ಸೇರಿಸುವವರು. ಇಬ್ಬರ ಬಳಿಯೂ ಹಳೇ ಪೆಟ್ರೋಲ್ ಪಿಕಪ್. ಅವನದು ಹುಲಿಯಂತೆ ಗುಡುಗುತ್ತಿತ್ತು, ನನ್ನದು ಪ್ರತಿ ಊರಲ್ಲೂ ಆಫ್ ಆಗುತ್ತಿತ್ತು. ಅವನ ಗಾಡಿಯ ಸದ್ದು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಶಿರಾದ ಮೆಕ್ಯಾನಿಕ್ ಚಾಚಾನ ಹತ್ತಿರ ಹೋಗಿ, "ಗಂಗಣ್ಣಂದಕ್ಕಿಂತ ಜೋರಾಗಿರೋ ಸೈಲೆನ್ಸರ್ ಹಾಕಿ. ಗಾಡಿ ಆಫ್ ಆಗದ ಹಾಗೆ ಕಾರ್ಬೊರೇಟರೂ ಹೊಸದು ಹಾಕಿ" ಅಂದೆ.

"ಗಾಡಿಗೆ ಹಾಕ್ಲಾ ಭಾಯ್, ನಿಮ್ಮ ಹೊಟ್ಟೆಕಿಚ್ಚಿಗೆ ಹಾಕ್ಲಾ?" ಎಂದು ನಕ್ಕು, ಹಾಕಿಕೊಟ್ಟರು.

ಮರುದಿನ ಬಡವನಹಳ್ಳಿಯಲ್ಲಿ ಆಸ್ಪತ್ರೆಗೆ ಡಾಕ್ಟರು ಬೇಕೆಂದು ಧರಣಿ. ಸುತ್ತಲ ಹಳ್ಳಿಗಳಲ್ಲೆಲ್ಲ ಗುಡುಗುತ್ತಾ ಮೈಕಿನಲ್ಲಿ ಕೂಗಿ ಬಂದೆ. ಬಂದವರು ನಾಲ್ಕೇ ಜನ. ಆಸ್ಪತ್ರೆಯ ಅಧಿಕಾರಿ ಕಿಟಕಿಯಲ್ಲಿ ಇಣುಕಿ ನೋಡಿ ಒಳಗೆ ಹೋದ.

"ಯಾಕಮ್ಮ, ಯಾರೂ ಬರಲಿಲ್ಲ?" ಎಂದು ಹೂ ಮಾರುವ ರಂಗಮ್ಮನನ್ನು ಕೇಳಿದೆ.

"ಮೊದ್ಲು ಗಾಡಿ ನಿಂತೋಗದು, ತಳ್ಳಕ್ಕೆ ಬರ್ತಿದ್ವಿ. ತಳ್ತಾ ನಿನ್ನ ಮಾತು ಕೇಳಿ, ಹತ್ಕೊಂಡು ಬಂದ್ಬುಡ್ತಿದ್ವಿ. ಈಗ ಬುರ್ರಂತ ಹೋಗ್ಬುಟ್ರೆ ಹೆಂಗಪ್ಪಾ ಬರದು?"

ಡಾಕ್ಟರಿಲ್ಲದೆ ವಾಪಸ್ ಹೊರಟೆ. ದಾರಿಯಲ್ಲಿ ಗಂಗಣ್ಣನ ಗಾಡಿ ಕೆಟ್ಟು ನಿಂತಿತ್ತು. ಹದಿನೈದು ಜನ ತಳ್ಳುತ್ತಿದ್ದರು, ಅವನು ಮಾತಾಡುತ್ತಿದ್ದ. ಮತ್ತೆ ಹೊಟ್ಟೆ ಉರಿಯಿತು. ಚಾಚಾ ನನ್ನ ಹಳೇ ಕಾರ್ಬೊರೇಟರನ್ನು ಗುಜರಿಗೆ ಹಾಕಿರದಿದ್ದರೆ ಸಾಕು.