ಹಿಂದಿನ ಚಕ್ರಗಳಿಗೆ ನಾನು ಮಾಡಿದ ಪಾಠ

ನಮ್ಮ ಕಡೆ ಕಾರಿಗೆ ಗುಡ್ಡ ಹತ್ತಲಾಗದಿದ್ದರೆ ಜನ ಜೀಪು ತೆಗೆದುಕೊಳ್ಳುತ್ತಾರೆ. ಸುಳ್ಯದಲ್ಲಿ ಹಳೆಯ ಜೀಪಿಗೇನು ಬರಗಾಲವೇ? ನಾನು ಮಾತ್ರ ಕಾರನ್ನೇ ಜೀಪು ಮಾಡಲು ಹೊರಟೆ. ಈ ಸಾಹಸಕ್ಕೆ ನನ್ನ ಹೆಂಡತಿ ಒಂದು ಹೆಸರಿಟ್ಟಿದ್ದಾಳೆ. ಮರ್ಯಾದೆಯ ಪ್ರಶ್ನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮ ಮನೆ ಇರುವುದು ಐವರ್ನಾಡಿನ ಒಂದು ಗುಡ್ಡದ ನೆತ್ತಿಯಲ್ಲಿ. ಕೆಳಗೆ ರಸ್ತೆ ಬದಿಯಲ್ಲಿ ರಬ್ಬರ್ ಶೀಟು ಇಡುವ ಶೆಡ್ಡು. ಎರಡರ ನಡುವೆ ನಮ್ಮದೇ ಜಾಗದಲ್ಲಿ ಕಡಿದ ಕೆಂಪು ಮಣ್ಣಿನ ದಾರಿ, ಅದಕ್ಕೆ ಎರಡು ತಿರುವು. ಪೇಟೆಗೆ ಹೋಗಲು ಬೇರೆ ಕಾರು ಬಂದ ಮೇಲೆ ಹಳೆಯ ಸಣ್ಣ ಕಾರು ಈ ದಾರಿಯಲ್ಲಿ ಗೊಬ್ಬರ, ಹಿಂಡಿ, ಗ್ಯಾಸ್ ಸಿಲಿಂಡರು ಹೊರುವ ಕೆಲಸಕ್ಕೆ ಉಳಿದಿತ್ತು. ಅದು ಮುಂದಿನ ಎರಡು ಚಕ್ರಗಳಷ್ಟೇ ಎಳೆಯುವ ಕಾರು, ಹಿಂದಿನವು ಸುಮ್ಮನೆ ಉರುಳಿಕೊಂಡು ಬರುತ್ತವೆ. ಹಿಂದೆ ಎರಡು ಮೂಟೆ ಹಾಕಿ ಏರು ಹತ್ತಿಸಿದರೆ ಭಾರವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಚಕ್ರಗಳು ಹಗುರಾಗುತ್ತವೆ. ಎರಡನೆಯ ತಿರುವಿಗೆ ಬಂದಾಗ ಅವು ನಿಂತಲ್ಲೇ ತಿರುಗಿ ಮಣ್ಣು ಎರಚುತ್ತವೆ. ಆಗ ಪಕ್ಕದ ಮನೆಯವರು ಜೀಪು ತಂದು, ಹಗ್ಗ ಕಟ್ಟಿ ಎಳೆಯುತ್ತಿದ್ದರು. ಪ್ರತಿ ಸಲವೂ ಅದೇ ಮಾತು: "ಮಾಷ್ಟ್ರೆ, ಪಾಠ ನಿಮ್ಮದು, ಹಗ್ಗ ನಮ್ಮದು."

ಆ ಮಾತು ನನಗೆ ಎಲ್ಲಿ ತಾಗುತ್ತಿತ್ತು ಎಂದು ಹೇಳಬೇಕು. ಮೂವತ್ತು ವರ್ಷ ನಾನು ತರಬೇತಿ ಸಂಸ್ಥೆಯೊಂದರಲ್ಲಿ ಮೋಟಾರು ಕೆಲಸ ಕಲಿಸಿದವನು. ಪುತ್ತೂರಿನಿಂದ ಕಡಬದ ತನಕ ಯಾವ ಗ್ಯಾರೇಜಿಗೆ ಹೋದರೂ ಬಾನೆಟ್ಟಿನ ಅಡಿಯಿಂದ ಒಂದು ತಲೆ ಮೇಲೆದ್ದು "ನಮಸ್ಕಾರ ಸರ್" ಎನ್ನುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯ ಪಾಠ ನನಗೆ ಕಂಠಪಾಠ. ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿ ಅದರ ಚಿತ್ರ ಬರೆಯಬಲ್ಲೆ. ಆದರೆ ಸಂಸ್ಥೆಯಲ್ಲಿ ಅಂಥ ಗಾಡಿ ಒಂದೂ ಇರಲಿಲ್ಲ. ನನ್ನ ಕೈಯಿಂದ ಒಂದನ್ನೂ ಜೋಡಿಸಿದವನಲ್ಲ ನಾನು. ನಿವೃತ್ತಿಯ ದಿನ ಹಾರ ಹಾಕಿ, ಸರ್‌ಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಭಾಷಣ ಮಾಡಿದರು. ನಾನು ಹಾರದ ಹಿಂದೆ ಬೆವರಿದೆ. ನನಗೆ ನಿಜವಾಗಿ ಗೊತ್ತಿತ್ತೋ, ಇಲ್ಲ ಬರೀ ಪುಸ್ತಕದ ಬದನೆಕಾಯಿಯೋ ಎಂಬುದನ್ನು ಒಮ್ಮೆ ಕೈಯಾರೆ ನೋಡದೆ ಸಾಯುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ಹೆಂಡತಿಗೆ ವಿಷಯ ಹೇಳಿದಾಗ ಅವಳು ಕಾರಿಗೆ ಒಂದು ಸುತ್ತು ಬಂದಳು.

"ನಾಲ್ಕು ಚಕ್ರ ಇದ್ದೇ ಉಂಟಲ್ಲ. ನಾಲ್ಕೂ ತಿರುಗುದನ್ನು ನಾನೇ ನೋಡಿದ್ದೇನೆ."

"ತಿರುಗುದು ಬೇರೆ, ಎಳೆಯುದು ಬೇರೆ," ಎಂದೆ.

"ಅದು ನನಗೆ ಗೊತ್ತುಂಟು. ಈ ಮನೆಯಲ್ಲಿ ಎಳೆಯುದು ಯಾರು, ಸುಮ್ಮನೆ ತಿರುಗುದು ಯಾರು ಅಂತ."

ಇಂಥವಳ ಜೊತೆ ವಾದಕ್ಕೆ ಇಳಿಯಬಾರದು ಎಂಬ ಬುದ್ಧಿ ನನಗೆ ಮದುವೆಯಾದ ಮೊದಲ ವರ್ಷವೇ ಬಂದಿದೆ. ಹೀಗೆ ಬದಲಾಯಿಸಿದ ಕಾರನ್ನು ಕಾನೂನು ಪ್ರಕಾರ ರಸ್ತೆಗೆ ಇಳಿಸುವ ಹಾಗಿಲ್ಲ, ನಮ್ಮ ಗುಡ್ಡದ ದಾರಿಯಲ್ಲಿ ಮಾತ್ರ ಓಡಿಸುವುದು ಎಂದು ಹೇಳಿದೆ. "ಒಳ್ಳೆಯದಾಯ್ತು, ನೋಡುವವರು ಕಡಿಮೆ," ಎಂದು ಹೇಳಿ ಒಳಗೆ ಹೋದಳು.

ಕೆಲಸ ಕೆಳಗಿನ ಶೆಡ್ಡಿನಲ್ಲಿ, ಭಾನುವಾರಗಳಂದು. ಜೊತೆಯಾದವನು ನನ್ನ ಹಳೆಯ ವಿದ್ಯಾರ್ಥಿ. ಅವನಿಗೀಗ ನಲವತ್ತೈದು ದಾಟಿದೆ, ಕಬಕದಲ್ಲಿ ಸ್ವಂತ ಗ್ಯಾರೇಜು ಉಂಟು, ಓದಲು ಕನ್ನಡಕವೂ ಬಂದಿದೆ. ಆದರೂ ನನ್ನನ್ನು ಕಂಡ ಕೂಡಲೇ ಮೇಲೆ ಎತ್ತಿ ಕಟ್ಟಿದ ಲುಂಗಿಯನ್ನು ಕೆಳಗೆ ಬಿಡುತ್ತಾನೆ. ಕಾರಿನ ಅಡಿಗೆ ನುಗ್ಗುವ ಮೊದಲು ಎತ್ತಿ ಕಟ್ಟುವುದು, ನಾನು ಮಾತನಾಡಿಸಿದರೆ ಕೆಳಗೆ ಬಿಡುವುದು. ಹೀಗೆ ಒಂದು ಭಾನುವಾರದಲ್ಲಿ ಇಪ್ಪತ್ತು ಸಲವಾದರೂ ಆಗುತ್ತಿತ್ತು. ಮಾತು ಕಡಿಮೆ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಹೆಂಡತಿ ಎರಡು ಸಲ ಎಚ್ಚರಿಸಿದಳು.

ಕೆಲಸ ಹೇಳುವಷ್ಟು ಸುಲಭವಲ್ಲ. ಮುಂದೆ ಗೇರ್‌ಬಾಕ್ಸಿನಿಂದ ಶಕ್ತಿಯ ಒಂದು ಪಾಲನ್ನು ಹಿಂದಕ್ಕೆ ತಿರುಗಿಸಬೇಕು. ಕಾರಿನ ಹೊಟ್ಟೆಯ ಅಡಿಯಲ್ಲಿ ಉದ್ದ ಶಾಫ್ಟು ಎಳೆಯಬೇಕು. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಪೊಳ್ಳು ಆಕ್ಸೆಲ್ ತೆಗೆದು, ಒಳಗೆ ಹಲ್ಲಿನ ಚಕ್ರಗಳಿರುವ ಇನ್ನೊಂದನ್ನು ಕೂರಿಸಬೇಕು. ಆಕ್ಸೆಲನ್ನು ಗುಜರಿಗೆ ಬಿದ್ದ ಒಂದು ವ್ಯಾನಿನಿಂದ ಅವನೇ ತಂದ. ಪೆಟ್ರೋಲ್ ಟ್ಯಾಂಕಿಗೆ ಬೇರೆ ಜಾಗ ಹುಡುಕಿದ, ಹಿಂದಿನ ಸೀಟಿನ ಅಡಿ ಕೊಯ್ದ, ಬೆಸುಗೆ ಹಾಕಿದ. ನಾನು ಸ್ಟೂಲಿನ ಮೇಲೆ ಕುಳಿತು ಹೇಳುತ್ತಿದ್ದೆ, ಅವನು ಮಾಡುತ್ತಿದ್ದ. ಕೈಯಾರೆ ಮಾಡುತ್ತೇನೆ ಎಂದವನು ಬಾಯಾರೆ ಮಾಡಿದ್ದು ನನಗೆ ಆಗ ಹೊಳೆಯಲಿಲ್ಲ.

ಆಕ್ಸೆಲ್ ಕೂರಿಸುವ ದಿನ ನಾನು ಸ್ಟೂಲಿನಿಂದ ಎದ್ದೆ. ಅವನು ಅದನ್ನು ವ್ಯಾನಿನಲ್ಲಿ ಇದ್ದ ಹಾಗೆಯೇ ಇಟ್ಟಿದ್ದ. ಒಳಗಿನ ದೊಡ್ಡ ಹಲ್ಲಿನ ಚಕ್ರ ಎಡಕ್ಕಿತ್ತು.

"ಇದು ಬಲಕ್ಕೆ ಬರಬೇಕಲ್ಲ. ಬೋರ್ಡಲ್ಲಿ ಬರೆದ ಚಿತ್ರ ನೆನಪಿಲ್ಲವಾ ನಿನಗೆ?" ಎಂದೆ.

ಅವನು ಲುಂಗಿ ಕೆಳಗೆ ಬಿಟ್ಟ. "ನೆನಪುಂಟು ಸರ್."

"ಮತ್ತೆ? ಮಗುಚಿ ಕೂರಿಸು."

ಅವನು ಆಕ್ಸೆಲನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ರಬ್ಬರ್ ಮರಗಳನ್ನು ನೋಡಿದ. "ಆಯ್ತು ಸರ್," ಎಂದ. ಅಷ್ಟು ಭಾರದ್ದನ್ನು ಒಬ್ಬನೇ ಮಗುಚಿದ. ಹಾಗೆ ಮಗುಚಿದಾಗ ಆಯಿಲ್ ಹಾಕುವ ತೂತು ತಪ್ಪು ಜಾಗಕ್ಕೆ ಹೋಯಿತು. ಅವನು ಮುಂದಿನ ಭಾನುವಾರ ಡ್ರಿಲ್ ತಂದು ಬೇರೆ ತೂತು ಕೊರೆದು, ಅದಕ್ಕೆ ತಿರುಪಿನ ಗೆರೆ ಕೊರೆದು, ನೀಟಾಗಿ ಮುಚ್ಚಳ ಮಾಡಿಕೊಟ್ಟ. ಎಂಥ ಶಿಷ್ಯ ಎಂದು ನಾನು ಹೆಮ್ಮೆಪಟ್ಟೆ.

ಪರೀಕ್ಷೆಯ ದಿನ ಬಂತು. ಜೀಪಿನವರನ್ನು ನಾನೇ ಹೋಗಿ ಕರೆದೆ, ಹಗ್ಗ ತರಬೇಡಿ ಎಂದು ಒತ್ತಿ ಹೇಳಿದೆ. ಅವರ ಹಿಂದೆ ಇನ್ನೂ ನಾಲ್ಕು ಜನ ಬಂದರು. ಶಿಷ್ಯ ಮೆಲ್ಲಗೆ, "ಒಮ್ಮೆ ಜಾಕ್ ಕೊಟ್ಟು, ಚಕ್ರ ಎತ್ತಿ ನೋಡುವಾ ಸರ್?" ಎಂದ.

"ಎಂತಕ್ಕೆ? ಲೆಕ್ಕ ಸರಿ ಉಂಟು," ಎಂದೆ.

ಹೆಂಡತಿ ತೆಂಗಿನಕಾಯಿ ಒಡೆದು, ನಾಲ್ಕು ಚಕ್ರಗಳ ಅಡಿಗೆ ನಾಲ್ಕು ಲಿಂಬೆಹಣ್ಣು ಇಟ್ಟಳು. ನಾನು ಗೇರು ಹಾಕಿ ಕ್ಲಚ್ಚು ಬಿಟ್ಟೆ. ಇಂಜಿನು ಕೂಗಿತು, ಕಾರು ನಡುಗಿತು, ನಾಲ್ಕೂ ಚಕ್ರಗಳು ತಿರುಗಿದವು, ಮಣ್ಣು ಹಾರಿತು. ಕಾರು ಮಾತ್ರ ಒಂದು ಇಂಚೂ ಕದಲಲಿಲ್ಲ. ಇನ್ನಷ್ಟು ಒತ್ತಿದೆ. ಎತ್ತು ಕೊಂಬಿನಿಂದ ಕೆದಕಿದಂತೆ ನೆಲ ಅಗೆಯಿತೇ ಹೊರತು ಮುಂದೆ ಹೋಗಲಿಲ್ಲ. ಮೊದಲು ಮಾತನಾಡಿದ್ದು ಹೆಂಡತಿ.

"ಇವ್ರೆ, ಒಮ್ಮೆ ನಿಲ್ಲಿಸಿ. ಮುಂದಿನ ಲಿಂಬೆ ಹಿಂದೆ ಹಾರಿತು. ಹಿಂದಿನ ಲಿಂಬೆ ಮುಂದೆ ಹಾರಿತು. ಹಾಗೆ ಉಂಟಾ ನಿಮ್ಮ ಲೆಕ್ಕದಲ್ಲಿ?"

ಇಳಿದು ನೋಡಿದೆ. ನಾಲ್ಕು ಹಣ್ಣುಗಳೂ ಕಾರಿನ ಹೊಟ್ಟೆಯ ಅಡಿಯಲ್ಲಿ ಜಜ್ಜಿ ಬಿದ್ದಿದ್ದವು. ಮುಂದಿನ ಚಕ್ರಗಳು ಮುಂದಕ್ಕೆ ಹೋಗುತ್ತಿದ್ದವು, ಹಿಂದಿನವು ಹಿಂದಕ್ಕೆ. ದೊಡ್ಡ ಹಲ್ಲಿನ ಚಕ್ರ ಎಡಕ್ಕೇ ಇರಬೇಕಿತ್ತು. ಬಲಕ್ಕೆ ಹಾಕಿದ್ದರಿಂದ ಹಿಂದಿನದ್ದೆಲ್ಲ ಉಲ್ಟಾ. ಜೀಪಿನವರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, "ಹಗ್ಗ ತರ್ಬೇಕಾ ಮಾಷ್ಟ್ರೆ? ಯಾವ ಕಡೆಗೆ ಕಟ್ಟುದು ಅಂತ ಹೇಳಿ," ಎಂದರು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ನಾನು ಶಿಷ್ಯನ ಮೇಲೆ ಹರಿಹಾಯ್ದೆ. ಜನ ಹೋದ ಮೇಲೆ ಇನ್ನೂ ಜೋರಾಗಿ.

"ನಿನಗೆ ಗೊತ್ತಿತ್ತಾ ಇದು?"

ಅವನು ನೆಲ ನೋಡಿದ. "ಗೊತ್ತಿತ್ತು ಸರ್."

"ಯಾವಾಗಿಂದ?"

ಆಕ್ಸೆಲ್ ಮಗುಚಿದ ದಿನದಿಂದ ಎಂದು ಹೇಳುತ್ತಾನೆಂದು ನಾನು ಕಾದೆ.

"ಕೋರ್ಸ್ ಮುಗಿಸಿ ಗ್ಯಾರೇಜಿಗೆ ಸೇರಿದೆ ಅಲ್ವಾ ಸರ್, ಅದರ ಮೊದಲ ವಾರದಿಂದ. ನೀವು ಬೋರ್ಡಲ್ಲಿ ಬರೆಯುವ ಚಿತ್ರ ಉಂಟಲ್ಲ, ಅದೇ ತಪ್ಪು."

ನನ್ನ ಸಿಟ್ಟು ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದು ಸಿಟ್ಟಿಗಿಂತ ಕೆಟ್ಟದ್ದು. ಮೂವತ್ತು ವರ್ಷ ಆ ಚಿತ್ರ ಬರೆದಿದ್ದೇನೆ. ಹಲ್ಲುಗಳಿಗೆ ಬಣ್ಣದ ಸೀಮೆಸುಣ್ಣ ಹಚ್ಚಿದ್ದೇನೆ. ಅದನ್ನು ಹಾಗೆಯೇ ಬರೆದವರಿಗೆ ಅಂಕ ಕೊಟ್ಟಿದ್ದೇನೆ. ಒಬ್ಬನಿಗಂತೂ, ಎಡಕ್ಕೆ ಬರೆದಿದ್ದಾನೆಂದು, ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದೂ ನೆನಪಾಯಿತು.

"ಎಷ್ಟು ಜನಕ್ಕೆ ಗೊತ್ತುಂಟು?" ಎಂದೆ.

"ಎಲ್ಲರಿಗೂ ಸರ್." ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೋ ಏನೋ, "ತಮಾಷೆಗೆ ಹೇಳುದುಂಟು. ಗ್ಯಾರೇಜಲ್ಲಿ ಯಾರಾದ್ರೂ ಎಂತಾದ್ರೂ ಉಲ್ಟಾ ಕೂರಿಸಿದ್ರೆ 'ಸರ್ ಫಿಟ್ಟಿಂಗ್ ಆಯ್ತು, ಬಿಚ್ಚು' ಅಂತ. ಪ್ರೀತಿಯಿಂದ ಸರ್," ಎಂದ.

'ಸರ್ ಫಿಟ್ಟಿಂಗ್' ಎಂಬಷ್ಟನ್ನು ನಾನೇ ಒಮ್ಮೆ ಕೇಳಿದ್ದೆ. ಪುತ್ತೂರಿನ ದರ್ಬೆಯಲ್ಲಿ ಸ್ಕೂಟರು ರಿಪೇರಿಗೆ ಕೊಟ್ಟು ಕುಳಿತಿದ್ದಾಗ ಒಳಗೆ ಯಾರೋ ಹೇಳಿದ್ದರು. ನನ್ನ ಹೆಸರಿನಲ್ಲಿ ಒಂದು ಗುಣಮಟ್ಟವೇ ಹುಟ್ಟಿಕೊಂಡಿದೆ ಎಂದು ತಿಳಿದು ಅಂದು ಮನೆಗೆ ಮೈಸೂರುಪಾಕು ಕಟ್ಟಿಸಿಕೊಂಡು ಬಂದಿದ್ದೆ.

"ಒಬ್ಬನಾದರೂ ಹೇಳಬಾರದಿತ್ತಾ?"

"ಹೇಗೆ ಹೇಳುದು ಸರ್? ನೀವು ಅಲ್ವಾ."

ಎರಡು ವಾರ ನಾನು ಶೆಡ್ಡಿನ ಕಡೆ ಹೋಗಲಿಲ್ಲ. ನಾಚಿಕೆಯಾಗಿತ್ತು, ಸುಳ್ಳು ಏಕೆ ಹೇಳಲಿ. ಸುಳ್ಯ ಪೇಟೆಗೆ ಹೋಗಬೇಕಾಗಿ ಬಂದರೂ ಗ್ಯಾರೇಜುಗಳಿಲ್ಲದ ಬೀದಿ ಹಿಡಿದೆ. ಅವರೆಲ್ಲ ನಕ್ಕರೆಂದಲ್ಲ ನನ್ನ ಸಂಕಟ. ಅಷ್ಟು ಜನ ಸೇರಿ ಇಷ್ಟು ವರ್ಷ ನನ್ನನ್ನು ಮಗುವಿನ ಹಾಗೆ ಕಾಪಾಡಿದ್ದರು, ಅದನ್ನು ನುಂಗಲಾಗಲಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಮತ್ತೆ ಮತ್ತೆ ಚಿತ್ರ ಬರೆದೆ. ಆ ಚಿತ್ರ ನನಗೆ ಬಂದದ್ದು ನನ್ನ ಗುರುಗಳ ಹಲಗೆಯಿಂದ. ಬರೆದುಕೊಳ್ಳುವಾಗ ಇದು ಸರಿಯಿಲ್ಲವಲ್ಲ ಎಂದು ನನಗೂ ಒಮ್ಮೆ ಅನಿಸಿತ್ತು, ಈಗ ಸ್ಪಷ್ಟವಾಗಿ ನೆನಪಾಯಿತು. ಅವರು ಬರೆದದ್ದಲ್ಲವೇ, ಏನೋ ಕಾರಣ ಇರುತ್ತದೆ ಎಂದು ಸುಮ್ಮನಾಗಿದ್ದೆ. ನಾನೂ ಕೇಳಿರಲಿಲ್ಲ.

ಹೆಂಡತಿ ಎರಡು ವಾರ ನನ್ನನ್ನು ಬೇಕಾದಷ್ಟು ಗೋಳುಹೊಯ್ದುಕೊಂಡಳು. ಚಹಾ ಕೊಡುವಾಗ, "ಎಡಗೈಗಾ ಬಲಗೈಗಾ?" ಎಂದು ಕೇಳುತ್ತಿದ್ದಳು. ಮೂರನೆಯ ಭಾನುವಾರ ಬೆಳಿಗ್ಗೆ ಮಾತ್ರ ತಮಾಷೆ ಬಿಟ್ಟು ಹೇಳಿದಳು: "ಪಾಪ, ಅವ ಎರಡು ವಾರದಿಂದಲೂ ಬಂದು ಕೆಳಗೆ ಒಬ್ಬನೇ ಕೆಲಸ ಮಾಡಿ ಹೋಗ್ತಾ ಇದ್ದಾನೆ. ನೀವು ಹೋಗಿ ಮಾರಾಯ್ರೆ."

ಓದುವವರು ಕಾರಿನ ಬಗ್ಗೆ ಚಿಂತೆ ಮಾಡುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಆ ಕಾರು ಕೆಲವು ವಾರಗಳ ನಂತರ ಗುಡ್ಡ ಹತ್ತಿತು. ಹಿಂದೆ ನಾಲ್ಕು ಮೂಟೆ ಗೊಬ್ಬರ, ಮುಂದೆ ನನ್ನ ಹೆಂಡತಿ. ಈಗಲೂ ಹತ್ತುತ್ತದೆ. ಆದರೆ ನನ್ನ ಮಟ್ಟಿಗೆ ಅದು ಹತ್ತಿದ್ದು ಆ ದಿನ ಅಲ್ಲ, ನಾನು ಶೆಡ್ಡಿಗೆ ಇಳಿದ ಈ ಮೂರನೆಯ ಭಾನುವಾರ.

ನಾನು ಹೋದಾಗ ಅವನು ಕಾರಿನ ಅಡಿಯಲ್ಲಿದ್ದ. ಆಕ್ಸೆಲನ್ನು ಮತ್ತೆ ಮಗುಚಿ ಸರಿಯಾಗಿ ಕೂರಿಸಿಯಾಗಿತ್ತು. ಕೊರೆದ ತೂತಿಗೆ ಬೆಸುಗೆ ಹಾಕಿ ಮುಚ್ಚಿದ್ದ. ನನ್ನ ಚಪ್ಪಲಿ ಕಂಡು ಹೊರಗೆ ಬಂದ, ಲುಂಗಿ ಕೆಳಗೆ ಬಿಟ್ಟ, ಕೈ ಒರೆಸಿಕೊಂಡು ಪಕ್ಕಕ್ಕೆ ನಿಂತ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹುಡುಗರು ಹೀಗೆಯೇ ನಿಲ್ಲುತ್ತಿದ್ದರು.

"ಈಗ ಸರಿ ಉಂಟಾ ಸರ್? ಒಮ್ಮೆ ನೀವು ನೋಡಿ," ಎಂದ.

ನಾನು ಬಗ್ಗಿ ನೋಡಿದೆ. ಎಲ್ಲ ಸರಿ ಇರುವ ಹಾಗೆ ಕಂಡಿತು. ಮೂವತ್ತು ವರ್ಷವೂ ಎಲ್ಲ ಸರಿ ಇರುವ ಹಾಗೆಯೇ ಕಂಡಿತ್ತು.

"ನನಗೆ ಗೊತ್ತಾಗುದಿಲ್ಲ. ನೀನು ಹೇಳು," ಎಂದೆ.

ಅವನು ಗಾಬರಿಯಾದ. "ನಾನು ಹೇಳುದಾ ಸರ್?"

"ನೀನೇ. ತಪ್ಪು ಇದ್ದರೆ ತಪ್ಪು ಅಂತ ಹೇಳು."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಬೇಜಾರು ಮಾಡ್ಲಿಕ್ಕಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಸರ್, ಇನ್ನೂ ಮೂರು ತಪ್ಪು ಉಂಟು."

ನಾನು ಕಿಸೆಯಿಂದ ಪೆನ್ನು ತೆಗೆದೆ. ಕಾಗದ ಇರಲಿಲ್ಲ, ಗೊಬ್ಬರದ ರಶೀದಿ ಒಂದು ಸಿಕ್ಕಿತು. ಅದನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟುಕೊಂಡು, "ಒಂದೊಂದಾಗಿ ಹೇಳು," ಎಂದೆ.

"ಮೊದಲನೆಯದ್ದು," ಎಂದು ಅವನು ಇನ್ನೂ ನನ್ನ ಮುಖ ನೋಡದೆ ಹೇಳಿದ, "ನೀವು ಕ್ಲಾಸಲ್ಲಿ ಒಮ್ಮೆಯೂ ಯಾರಿಗಾದ್ರೂ ಡೌಟ್ ಉಂಟಾ ಅಂತ ಕೇಳ್ಲಿಲ್ಲ ಸರ್. ಬಾಕಿ ಎರಡು ಕಾರಿನದ್ದು."

ನಾನು ಒಂದು ಎಂದು ಅಂಕಿ ಹಾಕಿ ಅದನ್ನು ಬರೆದುಕೊಂಡೆ.