ಸಯನ್ನಿನಲ್ಲಿ ಎರಡು ಸಲ ಗುಡಿಸಿದ ರಸ್ತೆ

ಪತ್ರಿಕೆಯ ವರದಿಗೆಂದು ಬೆಳಿಗ್ಗೆ ಮುಂಬಯಿಯ ಸಯನ್ನಿನಲ್ಲಿ ಲೋಕಲ್ ರೈಲು ಇಳಿದೆ. ತಾವೇ ಪೊರಕೆ ಹಿಡಿದು ಬೀದಿ ಗುಡಿಸುತ್ತಿದ್ದ ರಾಷ್ಟ್ರಪಿತನ ಜಯಂತಿ. ಸ್ಟೇಷನ್ನಿನ ಎದುರು ಮಂತ್ರಿಗಳು ಕಸ ಗುಡಿಸುವವರಿದ್ದರು.

ಅಲ್ಲಿ ದಿನವೂ ಗುಡಿಸುವವಳು ವಿಜಾಪುರದ ನೀಲವ್ವ. ಆಸ್ಪತ್ರೆಯಲ್ಲಿರುವ ಮಗಳನ್ನು ನೋಡಲು ಒಂಬತ್ತರವರೆಗೆ ಮಾತ್ರ ಬಿಡುತ್ತಾರೆಂದು ಏಳಕ್ಕೇ ಕೆಲಸ ಮುಗಿಸಿದ್ದಳು.

"ಕಸ ಎಲ್ಲಿ? ಸಾಹೇಬರು ಏನು ಗುಡಿಸ್ಬೇಕು, ನಿನ್ನ ತಲೆಯಾ?" ಎಂದು ಗುಡಿಸುವವರ ಮೇಲ್ವಿಚಾರಕ, ಮುಕಾದಮ, ಗದರಿದ. ಅವಳು ತೊಟ್ಟಿಯಿಂದ ಕಸ ತಂದು ಹರಡಿದಳು. ಒಣ ಎಲೆ ಮಾತ್ರ ಸಾಕು, ನಾತದ್ದು ಬೇಡ ಎಂದು ಅದನ್ನೂ ಆರಿಸಲು ಹಚ್ಚಿದ; ಸಾಹೇಬರು ಬಂದು ಹೋಗುವವರೆಗೆ ಅವಳನ್ನು ಬಿಡಲಿಲ್ಲ.

ಮಂತ್ರಿಗಳು ಬಂದದ್ದು ಒಂಬತ್ತೂವರೆಗೆ. ನಾಲ್ಕು ಸಲ ಪೊರಕೆ ಆಡಿಸಿದರು, ಫೋಟೋ ತೆಗೆಸಿಕೊಂಡರು, ಹೊರಟರು.

ಉಳಿದ ಎಲೆಗಳನ್ನು ನೀಲವ್ವನೇ ಗುಡಿಸಿದಳು. ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ, ಬ್ಯಾನರಿನ ಮೇಲಿನ ರಾಷ್ಟ್ರಪಿತನ ಚಿತ್ರ ತೋರಿಸಿ ಕೇಳಿದಳು: "ಆ ಅಜ್ಜ ಗುಡಿಸೂ ಮುಂದ ಕಸಾ ಯಾರ್ ತಂದ್ ಹಾಕ್ತಿದ್ರರೀ, ಸಾಹೇಬ್ರ?"