ನೀರ್ ದೋಸೆಯ ದಿನಗಳು

ನಮ್ಮ ಮನೆಯಲ್ಲಿ ಸಾಲಾಗಿ ನಾಲ್ಕು ದಿನ ನೀರ್ ದೋಸೆ ಆಯಿತೆಂದರೆ ನನ್ನ ಬಲಭುಜ ಕೆಟ್ಟಿದೆ ಎಂದೇ ಅರ್ಥ. ಈ ಗುಟ್ಟು ನನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ಉದ್ದಿನ ದೋಸೆಗೆ ಭುಜ ಬೇಕು. ಹಿಟ್ಟನ್ನು ಕಾವಲಿಯ ನಡುವೆ ಸುರಿದು ಸೌಟಿನ ತಳದಿಂದ ಸುತ್ತುಸುತ್ತಾಗಿ ಹರಡುವಾಗ ಕೆಲಸ ಮಾಡುವುದು ಮಣಿಕಟ್ಟು ಎಂದು ನಾನೂ ನಂಬಿದ್ದೆ. ಆದರೆ ಅಷ್ಟು ಹೊತ್ತು ತೋಳನ್ನು ಮೈಯಿಂದ ದೂರಕ್ಕೆ ಎತ್ತಿ ಹಿಡಿದಿರುವುದು ಭುಜ. ಅದು ಸೋತರೆ ಮೂರನೆಯ ಸುತ್ತಿಗೆ ಸೌಟು ಕುಸಿದು ಹಿಟ್ಟನ್ನು ಕೆರೆದುಬಿಡುತ್ತದೆ. ನೀರ್ ದೋಸೆಗೆ ಈ ರಗಳೆ ಇಲ್ಲ. ತೆಳ್ಳಗಿನ ಅಕ್ಕಿಹಿಟ್ಟನ್ನು ಹೊಯ್ದರೆ ಸಾಕು, ತಾನೇ ಓಡಿ ಜಾಗ ಹಿಡಿಯುತ್ತದೆ. ಎಡಗೈಯಲ್ಲೂ ಹೊಯ್ಯಬಹುದು.

ನೋವು ಮೊದಲು ಬಂದದ್ದು ನಾಲ್ಕು ವರ್ಷದ ಹಿಂದೆ. ಬೆಳಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿದವಳಿಗೆ ಕುತ್ತಿಗೆಯಿಂದ ಮೊಣಕೈಯವರೆಗೆ ಕಾದ ತಂತಿ ಎಳೆದಂತಾಯಿತು. ಹತ್ತು ದಿನ ಆ ತಂತಿ ಆರಲಿಲ್ಲ. ಆಮೇಲೆ ನೋವು ಇಳಿಯಿತು, ಅದರ ಜೊತೆ ಕೈಯ ಬಲವೂ ಇಳಿಯಿತು. ಬಾಚಣಿಗೆಯನ್ನು ನೆತ್ತಿಯವರೆಗೆ ಒಯ್ಯಲಾಗಲಿಲ್ಲ. ಕನ್ನಡಿಗೆ ಬೆನ್ನು ಮಾಡಿ ನೋಡಿಕೊಂಡರೆ ಬಲಗಡೆಯ ಹೆಗಲ ಮೂಳೆ ಮುರಿದ ರೆಕ್ಕೆಯಂತೆ ಹೊರಗೆ ಚಾಚಿತ್ತು. ಕಟ್ಟಡದವರೆಲ್ಲ ‘ಫ್ರೋಜನ್ ಶೋಲ್ಡರ್’ ಎಂದು ತೀರ್ಮಾನಿಸಿ ಒಬ್ಬೊಬ್ಬರು ಒಂದೊಂದು ಎಣ್ಣೆ ಹೇಳಿದರು. ಠಾಣೆ ನಗರದ ನರರೋಗ ತಜ್ಞರು ಮಾತ್ರ, ತೋಳಿಗೆ ಹೋಗುವ ನರಗಳ ಗೊಂಚಲಿಗೆ ಉರಿಯೂತ ಬಂದಿದೆ, ಬಲ ಮರಳಲು ತಿಂಗಳುಗಳು ಬೇಕು, ಮತ್ತೆ ಬಂದರೂ ಬರಬಹುದು ಎಂದರು.

ಆಗ ನೌಕರಿಗೆ ಹೋಗುವ ನನ್ನವರಿಗೂ ಕಾಲೇಜಿಗೆ ಹೋಗುವ ಮಗಳಿಗೂ ಹೇಗೋ ನಡೆಯಿತು. ನಡೆಯದೇ ಹೋದದ್ದು ಮಾವನ ವಿಷಯ. ಅತ್ತೆ ತೀರಿಕೊಂಡ ಮೇಲೆ ಅವರು ಡೊಂಬಿವಲಿಯಲ್ಲಿ ನಮ್ಮ ಜೊತೆಗಿದ್ದಾರೆ. ಎಂಬತ್ತು ದಾಟಿದವರು. ಉಡುಪಿಯಿಂದ ಬಂದು ನೌಪಾಡಾದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ನಾನು ಮದುವೆಯಾಗಿ ಬಂದಂದಿನಿಂದ ನನ್ನ ದೋಸೆಯನ್ನು ಒಮ್ಮೆಯೂ ಚೆನ್ನಾಗಿದೆ ಎಂದವರಲ್ಲ. ಮೊದಲ ದೋಸೆಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ, ತಿನ್ನುತ್ತಾರೆ, ಅಷ್ಟೇ.

“ಅವಳಿಗೆ ರೆಸ್ಟ್ ಸಿಗಲಿ” ಎಂದು ನನ್ನವರ ಅಣ್ಣ, ಅಂದರೆ ಭಾವ, ನೇರುಳದ ತಮ್ಮ ಮನೆಗೆ ಮಾವನನ್ನು ಕರೆದುಕೊಂಡು ಹೋದರು. ದೊಡ್ಡ ಮನೆ, ಹತ್ತನೆಯ ಮಹಡಿ, ಅಡುಗೆಗೆ ಜನ, ಯಾವ ಕೊರತೆಯೂ ಇಲ್ಲ. ಎರಡು ತಿಂಗಳ ಮೇಲೆ ಮರಳಿದ ಮಾವನ ಅಂಗಿಯ ಕಾಲರ್ ಕುತ್ತಿಗೆಗೆ ಸಡಿಲವಾಗಿತ್ತು.

“ಹೇಗಿತ್ತು ಮಾವ ಅಲ್ಲಿ?”

“ಎಲ್ಲ ಉಂಟು. ಮಾತಾಡ್ಲಿಕ್ಕೆ ಲಿಫ್ಟಿನವ ಒಬ್ಬ. ಅವನೂ ಬಿಹಾರದವ.”

ಮರುದಿನ ಸಂಜೆ ನಾಲ್ಕೂವರೆಗೇ ಅವರು ಚಪ್ಪಲಿ ಮೆಟ್ಟಿ ಉದ್ಯಾನದ ಬೆಂಚಿಗೆ ಹೊರಟರು. ಆ ಬೆಂಚಿನಲ್ಲಿ ನಾಲ್ವರು. ಇಬ್ಬರು ಉಡುಪಿಯವರು, ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಕನ್ನಡ ಬಾರದಿದ್ದರೂ ನಗಲು ಬರುವ ಮರಾಠಿ ಅಜ್ಜ.

ಎರಡನೆಯ ಸಲ ನೋವು ಬಂದಾಗಲೂ ಮಾವ ನೇರುಳಕ್ಕೆ ಹೋದರು, ಇನ್ನಷ್ಟು ಸೊರಗಿ ಬಂದರು. ಭಾವ ಆಗಲೇ ಹೇಳಿದ್ದರು: “ಇನ್ನೊಮ್ಮೆ ಹೀಗಾದ್ರೆ ಅಪ್ಪನನ್ನು ನಾವೇ ಇಟ್ಕೊಳ್ತೇವೆ, ಪರ್ಮನೆಂಟಾಗಿ. ಅವಳಾದ್ರೂ ಎಷ್ಟು ಅಂತ ಮಾಡುವುದು?” ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ, ಬರೀ ಒಳ್ಳೆಯತನ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಹೀಗಾಗಿ ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾದ ತಂತಿ ಮೂರನೆಯ ಸಲ ಬಂದಾಗ ನಾನು ಬಾಯಿ ಬಿಡಲಿಲ್ಲ. ಮುಚ್ಚಿಡುವುದು ನನಗೆ ಕಷ್ಟವಲ್ಲ. ಕಾನ್ವೆಂಟಿನಲ್ಲಿ ದಿನವೂ ಸಿಸ್ಟರ್ ಒಳಗೆ ಬಂದು ಹೇಗಿದ್ದೀರಿ ಎಂದು ಕೇಳಿದರೆ ನಾವು ನಲವತ್ತು ಹುಡುಗಿಯರು ಎದ್ದು ನಿಂತು, ‘ವಿ ಆರ್ ಫೈನ್, ಥ್ಯಾಂಕ್ ಯೂ ಸಿಸ್ಟರ್’ ಎಂದು ಹಾಡುತ್ತಿದ್ದೆವು. ಜ್ವರ ಬಂದವಳೂ ಹಾಡುತ್ತಿದ್ದಳು. ಆ ರಾಗ ಇನ್ನೂ ನನ್ನ ಗಂಟಲಲ್ಲಿ ಉಳಿದಿದೆ.

ನನ್ನವರಿಗೆ “ಸ್ವಲ್ಪ ಎಳೀತದೆ” ಎಂದಷ್ಟೇ ಹೇಳಿದೆ. ಸಕ್ಕರೆ, ರವೆ, ಬೇಳೆಯ ಡಬ್ಬಿಗಳನ್ನು ಒಂದೊಂದಾಗಿ ಮೇಲಿನ ಶೆಲ್ಫಿನಿಂದ ಕೆಳಗಿಳಿಸಿದೆ. ಮಗಳು ಮಾತ್ರ ನಾನು ಎಡಗೈಯಲ್ಲಿ ತಲೆ ಬಾಚುವುದನ್ನು ಕಂಡು ಬಾಗಿಲಲ್ಲಿ ನಿಂತಳು.

“ಮಮ್ಮಾ, ಫಿರ್ ಸೇ?”

“ಶ್! ಹೌದು, ಮತ್ತೆ ಬಂದಿದೆ. ಅಜ್ಜನಿಗೆ ಗೊತ್ತಾಗಬಾರದು.”

“ಪರ್ ಡಾಕ್ಟರ್ ಕೋ ತೋ ದಿಖಾವೋ ನಾ,” ಎಂದು ಅವಳೇ ಕೂದಲಿಗೆ ಕ್ಲಿಪ್ ಹಾಕಿದಳು.

ಒಬ್ಬಳೇ ಠಾಣೆಯ ಡಾಕ್ಟರಲ್ಲಿಗೆ ಹೋದೆ. ದಿವಾ ಸ್ಟೇಷನ್ನಿನಲ್ಲಿ ರೈಲಿನ ಹೆಂಗಸರ ಡಬ್ಬಿಗೆ ಜನ ನುಗ್ಗಿದಾಗ ಬಲಭುಜವನ್ನು ಗೋಡೆಗೆ ಒತ್ತಿ ನಿಂತೆ. “ಆಂಟಿ, ಊಪರ್ ಪಕಡೋ ನಾ, ಗಿರ್ ಜಾವೋಗೀ” ಎಂದು ಒಬ್ಬಳು ಮೇಲಿನ ಹಿಡಿಕೆ ತೋರಿಸಿ ಗದರಿದಳು. ನೋಡಲು ಗಟ್ಟಿಮುಟ್ಟಾಗಿರುವ ಕೈ ಮೇಲೇಳುವುದಿಲ್ಲ ಎಂದು ಅಪರಿಚಿತಳಿಗೆ ವಿವರಿಸುವಷ್ಟು ಹೊತ್ತು ರೈಲು ಎಲ್ಲಿ ಕೊಡುತ್ತದೆ? ನಕ್ಕುಬಿಟ್ಟೆ. ಡಾಕ್ಟರು ತೋಳನ್ನು ಎತ್ತಿಸಿ, ಇಳಿಸಿ, ತಳ್ಳಿಸಿ ನೋಡಿದರು. ಪ್ರತಿ ಸಲವೂ ಪೂರ್ತಿ ಮರಳುತ್ತದೆ ಎಂದು ಮಾತು ಕೊಡಲಾರೆ ಎಂದರು.

ಮಲಗುವ ಕೋಣೆಯ ಬಾಗಿಲ ಹಿಂದಿನ ಗೋಡೆಯಲ್ಲಿ ಹಳೆಯ ಎರಡು ಸಲದ ಪೆನ್ಸಿಲ್ ಗೆರೆಗಳಿದ್ದವು. ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸಿ, ತಲುಪಿದಲ್ಲಿ ಗೆರೆ ಎಳೆಯುವುದು ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ. ಮಕ್ಕಳ ಎತ್ತರ ಗುರುತಿಸಿದಂತೆ ಕಾಣುತ್ತಿತ್ತು. ಈ ಸಲದ ಮೊದಲ ಗೆರೆ ನನ್ನ ಎದೆಯ ಮಟ್ಟವನ್ನೂ ದಾಟಿರಲಿಲ್ಲ.

ಅಷ್ಟರಲ್ಲಿ ಒಂದು ಭಾನುವಾರ ಭಾವ ಮತ್ತು ಅಕ್ಕ ಬಂದರು. ಅಕ್ಕ ಎಂದರೆ ನನ್ನ ವಾರಗಿತ್ತಿ. ನಾನು ನೀರ್ ದೋಸೆಗೆ ಅಕ್ಕಿ ನೆನೆಹಾಕಿ ನಿಶ್ಚಿಂತಳಾಗಿದ್ದೆ. ಅಕ್ಕ ಚೀಲದಿಂದ ಎರಡು ಪ್ಯಾಕೆಟ್ ದೋಸೆ ಹಿಟ್ಟು ತೆಗೆದಿಟ್ಟರು.

“ನೀನು ರುಬ್ಬುವ ಕೆಲಸ ಇಟ್ಕೊಳ್ಳಬೇಡ ಅಂತ ತಂದೆ. ಮಸಾಲೆ ದೋಸೆ ಮಾಡುವಾ. ಹೊಯ್ಯುವುದು ಮಾತ್ರ ನೀನೇ, ನನ್ನದು ಮ್ಯಾಪಿನ ಹಾಗೆ ಬರ್ತದೆ.”

ಬೇಡ ಎನ್ನಲು ಒಂದು ಕಾರಣವೂ ಹೊಳೆಯಲಿಲ್ಲ. ಕಾವಲಿ ಕಾಯಿತು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಹಿಟ್ಟು ಸುರಿದೆ. ಒಂದು ಸುತ್ತು. ಎರಡು ಸುತ್ತು. ಮೂರನೆಯದಕ್ಕೆ ಸೌಟು ಕೈಯಿಂದ ಜಾರಿ ಕಾವಲಿಗೆ ಬಡಿದು ನೆಲಕ್ಕೆ ಬಿತ್ತು. ಅಕ್ಕನ ಸೀರೆಯ ಮೇಲೆ ಹಿಟ್ಟು ಸಿಡಿಯಿತು.

ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮಾವ.

“ನೀನು ಆಚೆ ನಿಲ್ಲು ಮಾರಾಯ್ತಿ,” ಎಂದು ಬಂದವರೇ ಸೌಟು ತೊಳೆದರು. ಕಾವಲಿಗೆ ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ತಿಕ್ಕಿದರು. ಎಡಗೈಯನ್ನು ಕಟ್ಟೆಗೆ ಊರಿ ನಿಂತರು.

ಹೊರಗಿನಿಂದ ಭಾವ ಎದ್ದು ಬಂದರು. “ಎಂತ ಅಪ್ಪ ಇದು, ಈ ವಯಸ್ಸಲ್ಲಿ!”

“ವಯಸ್ಸಾದದ್ದು ಕಾಲಿಗೆ. ಕೈಗೆ ಇನ್ನೂ ಸುದ್ದಿ ಮುಟ್ಟಲಿಲ್ಲ.”

ಮೊದಲ ದೋಸೆ ಹರಿಯಿತು. ಎರಡನೆಯದು ಅಂಟಿಕೊಂಡಿತು. “ಈ ಹಿಟ್ಟಿಗೆ ಎಂತ ಹಾಕಿದ್ದಾರೆ, ಗೋಂದಾ?” ಎಂದು ಅವರು ಗೊಣಗಿದಾಗ ಸೀರೆ ಒರೆಸಿಕೊಳ್ಳುತ್ತಿದ್ದ ಅಕ್ಕನೂ ನಕ್ಕರು. ಮೂರನೆಯದು ಅಂಚಿನವರೆಗೆ ಒಂದೇ ಸಮನಾಗಿ ಹರಡಿತು.

“ಅದೆಲ್ಲ ಇರಲಿ. ನಿನ್ನ ಕೈಗೆ ಎಂತ ಆಯ್ತು?” ಎಂದು ಭಾವ ನನ್ನನ್ನು ಕೇಳಿದರು.

ಏನಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಮಾವ ಕಾವಲಿಯಿಂದ ಕಣ್ಣು ತೆಗೆಯದೆ ಹೇಳಿದರು: “ಕೈ ಹೋಗಿ ಮೂರು ವಾರ ಆಯ್ತು. ಉದ್ದಿನ ದೋಸೆ ಕಾಣದೆ ಮೂರು ವಾರ.”

ನಾನು ಮುಚ್ಚಿಟ್ಟದ್ದನ್ನು ಅವರೂ ಅಷ್ಟೇ ಜತನದಿಂದ ಮುಚ್ಚಿಟ್ಟಿದ್ದರು. ದಿನವೂ ಎದುರುಬದುರು ಕೂತು, ನೀರ್ ದೋಸೆ ತಿಂದು.

ಭಾವ ನಿಟ್ಟುಸಿರಿಟ್ಟರು. “ಹಾಗಾದ್ರೆ ಮಾತಾಡಿದ ಹಾಗೆ, ಅಪ್ಪ, ನೀವು ಇವತ್ತೇ ನಮ್ಮೊಟ್ಟಿಗೆ ಹೊರಡಿ.”

“ಅವಳ ಕೈ ಹೋಗಿದೆ. ಮನೆಯಲ್ಲಿ ಉಳಿದ ಕೈಯನ್ನೂ ನೀನು ಕರ್ಕೊಂಡು ಹೋಗ್ತೀಯಾ?”

ದೋಸೆ ಸೀಯುವ ವಾಸನೆ ಬಂತು, ಮಾವ ಅದನ್ನು ಮಗುಚಿದರು. ಆಗ ನಾನೇ ಹೇಳಿದೆ, ಇಷ್ಟು ವರ್ಷದಲ್ಲಿ ಮೊದಲ ಸಲ, ನಗದೆ: “ತುಂಬ ನೋಯ್ತದೆ ಭಾವ. ಕೈ ಎತ್ತಲಿಕ್ಕೆ ಆಗುವುದಿಲ್ಲ. ಸರಿ ಆಗ್ತದೋ ಇಲ್ಲವೋ ಗೊತ್ತಿಲ್ಲ. ಆದ್ರೂ ಮಾವ ಇಲ್ಲೇ ಇರಲಿ.”

“ಇದನ್ನು ಮೊದಲೇ ಹೇಳ್ಲಿಕ್ಕೆ ಎಂತ ನಿಂಗೆ?” ಎಂದು ಅಕ್ಕ ಗದರಿದರು. ಅವರ ಕಣ್ಣು ಒದ್ದೆಯಾಗಿತ್ತು, ಅಥವಾ ಈರುಳ್ಳಿಯ ಖಾರವಿರಬೇಕು. ಭಾವ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. “ಒಂದು ತಿಂಗಳು ನೋಡುವಾ” ಎಂದು ನಾಲ್ಕು ದೋಸೆ ತಿಂದು ಹೋದರು.

ತಿಂಗಳುಗಳು ಕಳೆದರೂ ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ಪಾತ್ರೆ ಮತ್ತು ಒರೆಸುವ ಕೆಲಸಕ್ಕೆ ಒಬ್ಬ ಹೆಂಗಸು ಬರುತ್ತಾಳೆ. ಮೇಲಿನ ಶೆಲ್ಫಿನ ಡಬ್ಬಿಗಳು ಕೆಳಗೇ ಉಳಿದಿವೆ. ಗೋಡೆಯ ಗೆರೆ ಹತ್ತುತ್ತಾ ಬಂದು ಹಳೆಯ ಗೆರೆಗಿಂತ ಎರಡು ಬೆರಳು ಕೆಳಗೆ ನಿಂತಿದೆ. ವಾರಗಳಿಂದ ಅಲ್ಲೇ ಇದೆ. ಅಲ್ಲಿಂದ ಮೇಲೆ ಹೋಗಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ, ಅದನ್ನು ಈಗ ಕೇಳಿದವರಿಗೆ ಹೇಳುತ್ತೇನೆ.

ಭಾನುವಾರದ ದೋಸೆ ಮಾವನದ್ದು. ಉಳಿದ ದಿನ ಅವರು ಸ್ಟೂಲಿನ ಮೇಲೆ ಕೂತು ನನಗೆ ಕಲಿಸುತ್ತಾರೆ. “ಮೊಣಕೈ ಅಲ್ಲೇ ಇರಲಿ. ಸೊಂಟದಿಂದ ತಿರುಗು. ಅಷ್ಟೂ ವರ್ಷ ನಾನು ಭುಜದಿಂದ ಹೊಯ್ದಿದ್ದರೆ ನನಗೆ ಇವತ್ತು ಭುಜ ಇರ್ತಿತ್ತಾ?” ಇಡೀ ಮೈ ಕುಣಿಸುತ್ತ ದೋಸೆ ಹೊಯ್ಯುವ ನನ್ನನ್ನು ನೋಡಿ ಮಗಳು, “ಮಮ್ಮಾ ಗರ್ಬಾ ಕರ್ ರಹೀ ಹೈ” ಎಂದು ನಗುತ್ತಾಳೆ.

ಇವತ್ತು ಬೆಳಗ್ಗೆ ಮೊದಲ ದೋಸೆಯನ್ನು ಮಾವ ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

“ಅಂಚು ದಪ್ಪ,” ಎಂದರು. ತಿಂದು ಮುಗಿಸಿ ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು.